ಬಿಪಿ ಮಾತ್ರೆಯಿಂದ ವಸಡು ಬೆಳೆದಾಗ ನಾನು ಮಾಡುವುದು

"ಬೇರೆ ಏನಾದ್ರೂ ಮಾತ್ರೆ ತಗೊಳ್ತೀರಾ?" ಅಂದರೆ ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಹಲ್ಲಿನ ಕ್ಲಿನಿಕ್‌ನಲ್ಲಿ ಬಹಳ ಜನ ಇಲ್ಲ ಅನ್ನುತ್ತಾರೆ. "ಬಿಪಿಗೆ?" ಅಂದರೆ, "ಅದಾ, ಅದು ದಿನಾ ಇದ್ದದ್ದೇ ಅಲ್ವಾ!" ಅದಕ್ಕೇ ನಾನು ಮಾತ್ರೆಯ ಸ್ಟ್ರಿಪ್ಪನ್ನೇ ತರಿಸುತ್ತೇನೆ. ಮನೆಯಲ್ಲಿ ಬಿಟ್ಟು ಬಂದಿದ್ದರೆ ವಾಟ್ಸಾಪ್‌ನಲ್ಲಿ ಫೋಟೋ.

ಕೇಟರಿಂಗ್ ಮಾಡುವ ನಮ್ಮ ಕನ್ನಡದ ಅಕ್ಕ ಒಬ್ಬರು ಬಂದಿದ್ದರು. ಮುಂದಿನ ಹಲ್ಲುಗಳ ಸಂದಿಯಲ್ಲಿ ವಸಡು ಅವರೆಕಾಳಿನ ಹಾಗೆ ಉಬ್ಬಿತ್ತು. ಮುಟ್ಟಿದರೆ ಗಟ್ಟಿ, ನೋವಿಲ್ಲ. ಅಂಚು ಮಾತ್ರ ಕೆಂಪು, ವಸಡು ಪರೀಕ್ಷಿಸುವ ಸಣ್ಣ ಕಡ್ಡಿ (ಪ್ರೋಬ್) ತಾಗಿಸಿದರೆ ರಕ್ತ. ಹಿಂದೆ ದವಡೆ ಹಲ್ಲು ಕೀಳಿಸಿದ್ದ ಜಾಗದಲ್ಲಿ ವಸಡು ಸಪಾಟು. ಹಲ್ಲಿಲ್ಲದ ಕಡೆ ಮಾತ್ರೆಯಿಂದಾಗುವ ಉಬ್ಬು ಸಾಮಾನ್ಯವಾಗಿ ಬೆಳೆಯುವುದಿಲ್ಲ. ಮಗಳು ಕಳಿಸಿದ ಫೋಟೋದಲ್ಲಿ ಮಾತ್ರೆಯ ಹೆಸರಿನ ಕೊನೆಗೆ 'ಎಎಂ' ಅಂತಿತ್ತು. ಹಿಂದೆ ನೋಡಿದರೆ ಸಣ್ಣ ಅಕ್ಷರದಲ್ಲಿ ಟೆಲ್ಮಿಸಾರ್ಟಾನ್ ಜೊತೆ ಆಮ್ಲೋಡಿಪಿನ್, ಎರಡೂ ಬಿಪಿ ಔಷಧಿ.

ಆಮ್ಲೋಡಿಪಿನ್, ನಿಫೆಡಿಪಿನ್ ಎರಡೂ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು, ಅಂದರೆ ರಕ್ತನಾಳ ಸಡಿಲಿಸಿ ಬಿಪಿ ಇಳಿಸುವ ಔಷಧಿಗಳು. ಇವುಗಳಿಂದ ವಸಡು ಹೀಗೆ ಬೆಳೆಯಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಿಂದಲೂ ಹೀಗಾಗುತ್ತದೆ. ವಸಡಿನಲ್ಲಿ ಕೊಲಾಜೆನ್ ಅನ್ನುವ ನಾರು ಕರಗುವುದು ಕಮ್ಮಿಯಾಗಿ ತುಂಬಿಕೊಳ್ಳುತ್ತದೆ. ಎಲ್ಲರಿಗೂ ಆಗುವುದಿಲ್ಲ. ಹಲ್ಲಿನ ಮೇಲೆ ಕೊಳೆ ನಿಂತಿದ್ದರೆ ಜಾಸ್ತಿ. ಅಕ್ಕ ರಕ್ತ ಬರುತ್ತದೆ ಅಂತ ಅಲ್ಲಿ ಬ್ರಷ್ ತಾಗಿಸುವುದನ್ನೇ ಬಿಟ್ಟಿದ್ದರು.

"ಹಾಗಾದ್ರೆ ಇವತ್ತಿಂದ ಮಾತ್ರೆ ಬಿಡ್ತೇನೆ" ಅಂದರು. "ಬೇಡ ಅಕ್ಕ, ನೀವಾಗೇ ಬಿಡ್ಬೇಡಿ. ಬಿಪಿ ಏರಿದ್ರೆ ವಸಡಿಗಿಂತ ದೊಡ್ಡ ತಾಪತ್ರಯ" ಅಂದೆ. ಅವರ ಡಾಕ್ಟರಿಗೆ ಚೀಟಿ ಬರೆದೆ: ವಸಡು ಬೆಳೆದಿದೆ, ಆಮ್ಲೋಡಿಪಿನ್ ಕಾರಣ ಇರಬಹುದು, ಬದಲಿಸಲು ಸಾಧ್ಯವೇ ನೋಡಿ. ಇಷ್ಟೇ. ಯಾವ ಮಾತ್ರೆ ಕೊಡಬೇಕು ಅಂತ ನಾನು ಬರೆಯುವುದಿಲ್ಲ, ಅದು ಅವರ ಕೆಲಸ.

ಅಷ್ಟರಲ್ಲಿ ಸ್ಕೇಲಿಂಗ್ ಮಾಡಿ, ಅಂದರೆ ಹಲ್ಲಿಗೆ ಅಂಟಿದ ಗಟ್ಟಿ ಕೊಳೆ ಕೆರೆದು, ವಸಡಿನ ಅಡಿಯದನ್ನೂ ತೆಗೆದೆ. ಸಂದಿಗೆ ಹಾಕುವ ಪುಟ್ಟ ಬ್ರಷ್ ಕೊಟ್ಟು, ಕನ್ನಡಿ ಹಿಡಿದು ಅವರ ಕೈಯಿಂದಲೇ ಮಾಡಿಸಿದೆ. ಸುಮ್ನೆ ಬಾಯಲ್ಲಿ ಹೇಳಿದರೆ ಮನೆಗೆ ಹೋಗಿ ಯಾರೂ ಮಾಡುವುದಿಲ್ಲ.

ಡಾಕ್ಟರು ಮಾತ್ರೆ ಬದಲಿಸಿದರು. ಮೊದಲು ಕೆಂಪು, ರಕ್ತ ನಿಂತಿತು. ಉಬ್ಬು ನಿಧಾನವಾಗಿ, ತಿಂಗಳುಗಳಲ್ಲಿ ಇಳಿಯಿತು. ಮೇಲಿನ ಎರಡು ಹಲ್ಲುಗಳ ನಡುವೆ ಉಳಿದ ಗಂಟನ್ನು, ಬಿಪಿ ನೋಡಿಕೊಂಡು, ಮರಗಟ್ಟಿಸಿ ಕತ್ತರಿಸಿದೆ. ಮೊದಲ ದಿನವೇ ಕತ್ತರಿ ಹಿಡಿದಿದ್ದರೆ ಇದರ ಎಷ್ಟೋ ಪಟ್ಟು ಕತ್ತರಿಸಬೇಕಿತ್ತು.

ಮಾತ್ರೆ ಬದಲಿಸಲು ಆಗದವರೂ ಇರುತ್ತಾರೆ. ಅವರನ್ನು ಮೂರು ತಿಂಗಳಿಗೊಮ್ಮೆ ಕರೆಸಿ ಕ್ಲೀನ್ ಮಾಡುತ್ತೇನೆ. ಕತ್ತರಿಸಿದರೂ ಮತ್ತೆ ಬೆಳೆಯಬಹುದು ಅಂತ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಇಸಕೊಂಡ ಮೇಲೆ ಹೇಳಿದರೆ ಜಗಳ ಗ್ಯಾರಂಟಿ.