ಗೊಂಬೆಯ ಕೈ ಕಳಚದಂತೆ: ಕೇಕ್ ಅಲಂಕಾರಕ್ಕೆ ತಿನ್ನುವ ಅಂಟು

ಮನೆಯಲ್ಲೇ ಕೇಕ್ ಮಾಡಿ ಆರ್ಡರ್ ಕೊಡುವವರು ಬಳ್ಳಾರಿಯ ಬಡಾವಣೆಗಳಲ್ಲಿ ಈಗ ಸಾಕಷ್ಟು ಮಂದಿ ಇದ್ದಾರೆ. ಫಾಂಡೆಂಟ್, ಅಂದರೆ ಹಿಟ್ಟಿನಂತೆ ನಾದುವ ಸಕ್ಕರೆ ಮುದ್ದೆಯಿಂದ ಗೊಂಬೆ ತಿದ್ದುವುದನ್ನು ಅವರು ಬೇಗ ಕಲಿಯುತ್ತಾರೆ. ತೊಂದರೆ ಶುರುವಾಗುವುದು ಜೋಡಿಸುವಾಗ. ರಾತ್ರಿ ಕೂರಿಸಿದ ಗೊಂಬೆಯ ಕೈ ಬೆಳಗ್ಗೆ ಜಾರಿ ಬೋರ್ಡಿನ ಮೇಲೆ ಬಿದ್ದಿರುತ್ತದೆ, ಗುಲಾಬಿ ಎಸಳಿನ ಬುಡ ಕರಗಿ ಮೆತ್ತಗಾಗಿರುತ್ತದೆ. ಅಂಟು ಸಾಲಲಿಲ್ಲವೆಂದು ಮರುದಿನ ಇನ್ನಷ್ಟು ಬಳಿಯುತ್ತಾರೆ. ನಿಜವಾಗಿ ಆಗಿರುವುದು ಅಂಟು ಹೆಚ್ಚಾದದ್ದು.

ಈ ಅಂಟು ಕೆಲಸ ಮಾಡುವ ಬಗೆ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಅದರಲ್ಲಿರುವ ನೀರು ಫಾಂಡೆಂಟಿನ ಮೇಲ್ಪದರದ ಸಕ್ಕರೆಯನ್ನು ಒಂದಿಷ್ಟು ಕರಗಿಸುತ್ತದೆ. ಜೊತೆಗಿರುವ ಗೋಂದು ಆ ನೀರು ಹರಿದುಹೋಗದಂತೆ ಹಿಡಿದಿಡುತ್ತದೆ. ನೀರು ಆರಿದಾಗ ಎರಡೂ ತುಂಡುಗಳ ಸಕ್ಕರೆ ಒಂದಾಗಿ ಗಟ್ಟಿಯಾಗುತ್ತದೆ. ನೀರು ಹೆಚ್ಚಾದರೆ ಸಕ್ಕರೆ ಕರಗುತ್ತಲೇ ಹೋಗುತ್ತದೆ, ತುಂಡು ಜಾರುತ್ತದೆ.

ಈ ಗೋಂದಿಗಾಗಿ ಕೇಕ್ ಸಾಮಗ್ರಿ ಅಂಗಡಿಯಲ್ಲಿ ಸಿಎಂಸಿ ಪೌಡರ್ ಅಥವಾ ಟೈಲೋಸ್ ಪೌಡರ್ ಎಂದು ಕೇಳಿ. ಎರಡನ್ನೂ ಒಂದೇ ರೀತಿ ಬಳಸಬಹುದು. ಸಿಎಂಸಿ ಎಂದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಮರದ ತಿರುಳಿನಿಂದಲೋ ಹತ್ತಿ ಬೀಜಕ್ಕೆ ಅಂಟಿಕೊಂಡ ಗಿಡ್ಡ ನಾರಿನಿಂದಲೋ ಇದನ್ನು ತಯಾರಿಸುತ್ತಾರೆ. ಹತ್ತಿ ಬೆಳೆಯುವ ರಾಯಚೂರು ಸೀಮೆಯವರಿಗೆ ಇದು ಅಪರಿಚಿತ ವಸ್ತುವೇನಲ್ಲ. ಸಸ್ಯಮೂಲದ್ದಾದ್ದರಿಂದ ಮೊಟ್ಟೆ ಬೇಡವೆನ್ನುವ ಮನೆಗಳ ಕೇಕಿಗೂ ಸಲ್ಲುತ್ತದೆ. ಕೆಲವರು ಮೊಟ್ಟೆಯ ಬಿಳಿಯನ್ನೇ ಅಂಟಾಗಿ ಬಳಸುವುದುಂಟು. ಹಸಿ ಮೊಟ್ಟೆಯನ್ನು ನಮ್ಮ ಕಡೆಯ ಸೆಖೆಯಲ್ಲಿ, ಅದೂ ಮಕ್ಕಳು ತಿನ್ನುವ ಕೇಕಿನ ಮೇಲೆ ಇಡುವುದು ನನಗೆ ಒಪ್ಪಿಗೆಯಿಲ್ಲ.

ಕೊಳ್ಳುವಾಗ ಒಂದು ಎಚ್ಚರ ಬೇಕೇ ಬೇಕು. ಇದೇ ಸಿಎಂಸಿ ಬಟ್ಟೆಯ ನೂಲಿಗೆ ಗಂಜಿ ಹಾಕಲು, ಡಿಟರ್ಜೆಂಟಿಗೆ, ಕೊಳವೆಬಾವಿ ಕೊರೆಯುವ ಕೆಸರಿಗೂ ಬಳಕೆಯಾಗುತ್ತದೆ. ಆ ದರ್ಜೆಯ ಪುಡಿ ತಿನ್ನಲು ಬಾರದು. ಪೊಟ್ಟಣದ ಮೇಲೆ ಐಎನ್ಎಸ್ 466 ಎಂಬ ಗುರುತು (ಆಹಾರಕ್ಕೆ ಬೆರೆಸುವ ಸಿಎಂಸಿಯ ಸಂಖ್ಯೆ) ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಬಿಡಿಯಾಗಿ ಅಗ್ಗಕ್ಕೆ ತೂಗಿ ಕೊಡುವ ಪುಡಿ ಬೇಡವೇ ಬೇಡ.

ಮಾಡುವ ಬಗೆ

ಕುದಿಸಿದ ನೀರು ಉಗುರುಬೆಚ್ಚಗಾದ ಮೇಲೆ 30 ಮಿಲಿ, ಅಂದರೆ ಎರಡು ದೊಡ್ಡ ಚಮಚ, ಚಿಕ್ಕ ಗಾಜಿನ ಬಾಟಲಿಗೆ ಹಾಕಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಿಎಂಸಿ ಚೆನ್ನಾಗಿ ಮಂದವಾಗುವುದಿಲ್ಲ, ಆದ್ದರಿಂದ ಶುದ್ಧೀಕರಿಸಿದ ಕುಡಿಯುವ ನೀರನ್ನೇ ಕುದಿಸಿಕೊಳ್ಳಿ. ಅದರ ಮೇಲೆ ಕಾಲು ಟೀ ಚಮಚ ಪುಡಿಯನ್ನು ಉದುರಿಸಿ. ಮುಚ್ಚಳ ಹಾಕಿ ಜೋರಾಗಿ ಕುಲುಕಿ.

ಆಗ ಕಾಣುವುದು ನೀರಿನಲ್ಲಿ ತೇಲುವ ಬಿಳಿ ಗಂಟುಗಳು. ಗಾಬರಿ ಬೇಡ, ಚೆಲ್ಲಬೇಡಿ. ಪುಡಿಯ ಹೊರಮೈ ತಕ್ಷಣ ನೀರು ಹೀರಿ ಲೋಳೆಯಾಗುವುದರಿಂದ ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ, ಅದಕ್ಕೇ ಈ ಗಂಟು. ಬಾಟಲಿಯನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಗಂಟುಗಳು ತಾವಾಗಿಯೇ ಕರಗುತ್ತವೆ. ಅವಸರವಿದ್ದರೆ ಪುಡಿಯನ್ನು ಮೊದಲು ಅರ್ಧ ಚಮಚ ಐಸಿಂಗ್ ಸಕ್ಕರೆಯೊಂದಿಗೆ ಬೆರೆಸಿ ನಂತರ ನೀರಿಗೆ ಉದುರಿಸಿ, ಗಂಟು ಕಡಿಮೆಯಾಗುತ್ತದೆ. ಬೆಳಗ್ಗೆ ಅಂಟು ತಿಳಿಯಾಗಿ, ಅನ್ನ ಬಸಿದ ಗಂಜಿಯ ಹದಕ್ಕೆ ಬಂದಿರಬೇಕು. ತೀರಾ ಮಂದವಾಗಿದ್ದರೆ ಕೆಲವು ಹನಿ ನೀರು, ತೆಳುವಾಗಿದ್ದರೆ ಚಿಟಿಕೆ ಪುಡಿ ಸೇರಿಸಿ ಮತ್ತೆ ಕೆಲವು ಗಂಟೆ ಬಿಡಿ. ಕೆಡದಿರಲೆಂದು ನಿಂಬೆರಸ ಹಿಂಡಬೇಡಿ, ಹುಳಿಗೆ ಸಿಎಂಸಿ ತೆಳುವಾಗುತ್ತದೆ. ಇದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಏನೂ ಇಲ್ಲ. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಬಳಸಿ, ವಾಸನೆ ಬಂದರೆ ಅಥವಾ ಚುಕ್ಕೆ ಕಂಡರೆ ಚೆಲ್ಲಿ. ಬ್ರಷ್ಷನ್ನು ಬಾಟಲಿಗೇ ಅದ್ದಬೇಡಿ, ಬೇಕಾದಷ್ಟನ್ನೇ ಬಟ್ಟಲಿಗೆ ಹಾಕಿಕೊಳ್ಳಿ.

ಅಂಟಿಸುವಾಗ

ತೆಳು ಬ್ರಷ್ಷನ್ನು ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಒಂದೇ ಬದಿಗೆ ತೆಳ್ಳಗೆ ಬಳಿಯಿರಿ. ಕೂಡಲೇ ಜೋಡಿಸಬೇಡಿ. ಅರ್ಧ ನಿಮಿಷ, ಒಂದು ನಿಮಿಷ ಕಾದರೆ ಹೊಳಪು ಇಳಿದು ಬೆರಳಿಗೆ ಜಿಗುಟು ಸಿಗುತ್ತದೆ. ಆಗ ಒತ್ತಿ, ಹತ್ತು ಹದಿನೈದು ಸೆಕೆಂಡು ಹಿಡಿಯಿರಿ. ಎಲ್ಲರೂ ತಪ್ಪಿಸುವುದು ಈ ಕಾಯುವಿಕೆಯನ್ನೇ. ಕೈ, ರೆಕ್ಕೆಯಂಥ ಜೋತುಬೀಳುವ ಭಾಗಗಳಿಗೆ ಆರುವವರೆಗೆ ಸ್ಪಂಜಿನ ತುಂಡಿನ ಆಸರೆ ಕೊಡಿ. ತಲೆಯಂಥ ಭಾರದ ಭಾಗ ಅಂಟಿನಿಂದಷ್ಟೇ ನಿಲ್ಲುವುದಿಲ್ಲ. ಒಣ ಸ್ಪಗೆಟ್ಟಿ ಕಡ್ಡಿಯನ್ನು ದೇಹಕ್ಕೆ ಚುಚ್ಚಿ, ಅದರ ಮೇಲೆ ತಲೆ ಕೂರಿಸಿ. ಟೂತ್‌ಪಿಕ್ ಬಳಸಿದ್ದರೆ ಕೇಕ್ ಒಯ್ಯುವವರಿಗೆ ಹೇಳಿಯೇ ಕಳಿಸಿ, ಮಗು ನೇರವಾಗಿ ಬಾಯಿಗಿಟ್ಟೀತು.

ಮೆತ್ತಗಿನ ಫಾಂಡೆಂಟನ್ನು ಮೆತ್ತಗಿನದಕ್ಕೆ ಅಂಟಿಸಲು ಈ ಅಂಟೂ ಬೇಡ, ಬ್ರಷ್ಷಿನ ಒದ್ದೆಯೇ ಸಾಕು. ಪೂರ್ತಿ ಒಣಗಿದ ಎರಡು ಗಮ್ ಪೇಸ್ಟ್ (ಗೋಂದು ಬೆರೆಸಿದ, ಒಣಗಿದರೆ ಗಟ್ಟಿಯಾಗುವ ಸಕ್ಕರೆ ಮುದ್ದೆ) ತುಂಡುಗಳಿಗೆ ಮಾತ್ರ ಗಟ್ಟಿ ಅಂಟು ಬೇಕು. ಅದೇ ಬಣ್ಣದ ಗಮ್ ಪೇಸ್ಟಿನ ಚಿಕ್ಕ ಉಂಡೆಗೆ ಕೆಲವು ಹನಿ ಅಂಟು ಹಾಕಿ, ಚಾಕುವಿನ ಬೆನ್ನಿನಿಂದ ಅರೆದು ಪೇಸ್ಟ್ ಮಾಡಿ ಬಳಸಿ. ಒಡೆದ ಎಸಳನ್ನೂ ಇದರಿಂದಲೇ ಕೂಡಿಸಬಹುದು.

ನಮ್ಮ ಬಿಸಿಲು, ನಮ್ಮ ಫ್ರಿಜ್ಜು

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ತಾಪಮಾನ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಹಾಗಾಗಿ ಬಳಿದ ಅಂಟು ಬೇಗ ಆರುತ್ತದೆ, ಒಂದು ಸಲಕ್ಕೆ ಒಂದೇ ತುಂಡಿಗೆ ಬಳಿಯಿರಿ. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಿದರೆ ಫಾಂಡೆಂಟಿನ ಮೈ ಬಿರುಕು ಬಿಡುತ್ತದೆ, ಮಿಕ್ಕ ತುಂಡುಗಳನ್ನು ಮುಚ್ಚಿಡಿ. ಅದಕ್ಕಿಂತ ದೊಡ್ಡ ಶತ್ರು ಫ್ರಿಜ್ಜು. ತಣ್ಣಗಿನ ಗೊಂಬೆಯನ್ನು ಸೆಖೆಗೆ ತೆಗೆದೊಡನೆ ಮೈಮೇಲೆಲ್ಲ ನೀರಹನಿ ಕೂರುತ್ತದೆ, ಬೆಸುಗೆ ಬಿಡುತ್ತದೆ. ಗೊಂಬೆ, ಹೂಗಳನ್ನು ಎರಡು ಮೂರು ದಿನ ಮೊದಲೇ ಮಾಡಿ ರಟ್ಟಿನ ಡಬ್ಬಿಯಲ್ಲಿ ಹೊರಗೇ ಒಣಗಿಸಿ. ಕೇಕ್ ಫ್ರಿಜ್ಜಿನಲ್ಲಿರಲೇಬೇಕಾದರೆ ಮುಚ್ಚಿದ ರಟ್ಟಿನ ಡಬ್ಬಿಯಲ್ಲಿಟ್ಟು, ತೆಗೆದ ಮೇಲೂ ತಂಪು ಬಿಡುವವರೆಗೆ ಡಬ್ಬಿ ತೆರೆಯಬೇಡಿ.

ಸಿಎಂಸಿ ಸಿಗದ ಊರಲ್ಲಿ ಅಂಟಿನುಂಡೆಗೆ ಬಳಸುವ ಅಂಟೇ ಒದಗುತ್ತದೆ. ಸ್ವಚ್ಛವಾದ ಹರಳುಗಳನ್ನು ಪುಡಿ ಮಾಡಿ, ಒಂದು ಚಮಚಕ್ಕೆ ಮೂರು ಚಮಚ ಬೆಚ್ಚಗಿನ ನೀರು ಹಾಕಿ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ. ತುಸು ಹಳದಿ ಛಾಯೆ ಇರುವುದರಿಂದ ಬಿಳಿ ಹೂವಿಗೆ ಬೇಡ. ಬೇಸಿಗೆ ಪಾನಕಕ್ಕೆ ಹಾಕುವ ಗೋಂದ್ ಕತೀರಾ ಬೇರೆಯದೇ ವಸ್ತು. ಅದು ನೀರಲ್ಲಿ ಉಬ್ಬಿ ಲೋಳೆಯಾಗುತ್ತದೆಯೇ ಹೊರತು ಕರಗುವುದಿಲ್ಲ.

ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯ ಗೊಂಬೆ ಮುರಿದರೆ ಸಿಎಂಸಿ ಅಂಟಿನಿಂದ ಅಂಟಿಸಬಹುದೇ ಎಂದು ಕೆಲವರು ಕೇಳುತ್ತಾರೆ. ತೆಳು ಅಂಟು ಆ ಗಟ್ಟಿ ಸಕ್ಕರೆಯ ಭಾರ ತಡೆಯದು. ಅಂಟಿಗೆ ಐಸಿಂಗ್ ಸಕ್ಕರೆ ಬೆರೆಸಿ ಗಟ್ಟಿ ಪೇಸ್ಟ್ ಮಾಡಿ, ಮುರಿದ ಕಡೆ ಹಚ್ಚಿ, ಗೊಂಬೆಯನ್ನು ಮಲಗಿಸಿ ಒಂದು ರಾತ್ರಿ ಒಣಗಲು ಬಿಡಿ. ಇನ್ನು ವಿಪ್ಪಿಂಗ್ ಕ್ರೀಮಿನ ಕೇಕ್: ಜಿಡ್ಡಿನ ಮೇಲೆ ಈ ಅಂಟು ಹಿಡಿಯುವುದೇ ಇಲ್ಲ. ಅಲ್ಲಿ ಗೊಂಬೆಯ ತಳಕ್ಕೆ ಚಾಕೊಲೇಟ್ ಕರಗಿಸಿ ಬಳಿದು, ಆರಿದ ಮೇಲೆ, ಕೇಕ್ ಕೈಗೆ ಕೊಡುವ ಹೊತ್ತಿಗೆ ಕ್ರೀಮಿನ ಮೇಲೆ ಕೂರಿಸಿ.