ಸೆನೆಟರ್‌ಗಳ ದಾಖಲೆ ಕೇಳಿದರೆ ಅವರಿಗೆ ತಿಳಿಸುವ ವ್ಯವಸ್ಥೆ: ನನ್ನ ಅನುಭವ

ಅಮೆರಿಕದ ಸೆನೆಟರ್‌ಗಳ ಫೋನ್ ದಾಖಲೆಗಳನ್ನು ತನಿಖಾಧಿಕಾರಿಗಳು ಕೇಳಿದಾಗ ಅವರಿಗೆ ತಿಳಿಸುವ ಯೋಜನೆಯನ್ನು 2024ರಲ್ಲಿ ನಾನು ಮುಂದಿಟ್ಟಾಗ ನಮ್ಮ ಕಂಪನಿಯ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ಯಾರಿಗೂ ತಿಳಿಸಬಾರದೆಂಬ ನ್ಯಾಯಾಲಯದ ಗ್ಯಾಗ್ ಆದೇಶ ಇರುವಾಗ ನೀವು ಬಾಯಿಬಿಟ್ಟರೆ ನ್ಯಾಯಾಂಗ ನಿಂದನೆಗೆ ಉತ್ತರ ಕೊಡುವವರು ಯಾರು?" ತಂಡದ ಹಿರಿಯರೊಬ್ಬರು ಇದು ನೀರಿನಲ್ಲಿ ಮಾಡುವ ಹೋಮ ಎಂದರು. ನಮ್ಮದು ವರ್ಜೀನಿಯಾದ ಸಣ್ಣ ಮೊಬೈಲ್ ಕಂಪನಿ. ದೊಡ್ಡವರ ಟವರ್‌ಗಳನ್ನು ಬಾಡಿಗೆಗೆ ಪಡೆದು ಸಿಮ್ ಮಾರುತ್ತೇವೆ. ಸಬ್‌ಪೀನಾ (ದಾಖಲೆ ಒಪ್ಪಿಸಲು ಬರುವ ಕಾನೂನು ಆದೇಶ), ವಾರಂಟ್‌ಗಳನ್ನು ನೋಡಿಕೊಳ್ಳುವವರು ನಾವು ಮೂರೇ ಜನ.

ವಕೀಲರ ಭಯಕ್ಕೆ ಉತ್ತರ ಕಾನೂನಿನಲ್ಲೇ ಇತ್ತು. ಸೆನೆಟ್ ಕಚೇರಿಯ ದತ್ತಾಂಶವನ್ನು ಯಾರಾದರೂ ಕೇಳಿದರೆ, ಆ ಕಚೇರಿಗೆ ತಿಳಿಸದಂತೆ ಕಂಪನಿಯನ್ನು ನ್ಯಾಯಾಲಯದ ಆದೇಶವೂ ತಡೆಯುವಂತಿಲ್ಲ ಎಂದು ಅದು ಹೇಳುತ್ತದೆ. ಆ ಸೆಕ್ಷನ್ನನ್ನು ಮುದ್ರಿಸಿ ಅವರ ಮೇಜಿನ ಮೇಲಿಟ್ಟೆ. ಓದಿದರು, ಆದರೂ ಒಪ್ಪಲಿಲ್ಲ. 2025ರ ಮೇ ತಿಂಗಳಲ್ಲಿ ಸೆನೆಟರ್ ರಾನ್ ವೈಡನ್ ಈ ವಿಷಯದಲ್ಲಿ ಫೋನ್ ಕಂಪನಿಗಳ ಲೋಪವನ್ನು ಎತ್ತಿ ತೋರಿಸಿ ಸಹೋದ್ಯೋಗಿಗಳಿಗೆ ಪತ್ರ ಬರೆದ ಮೇಲೆಯೇ ನನಗೆ ಹಸಿರು ನಿಶಾನೆ ಸಿಕ್ಕಿತು.

ಕಾನೂನಿಗಿಂತ ಕಷ್ಟವಾದದ್ದು ಬೇರೆಯೇ ಇತ್ತು. ಬೇಡಿಕೆಯಲ್ಲಿ ಬರುವುದು ಬರೀ ಹತ್ತು ಅಂಕಿಗಳು. ಅದು ಯಾರ ಸಂಖ್ಯೆ ಎಂದು ಅಲ್ಲಿ ಬರೆದಿರುವುದಿಲ್ಲ. 2018ರಲ್ಲಿ ಆಪಲ್‌ಗೆ ಬಂದ ಸಬ್‌ಪೀನಾದಲ್ಲಿ 73 ಫೋನ್ ಸಂಖ್ಯೆಗಳೂ 36 ಇಮೇಲ್ ವಿಳಾಸಗಳೂ ಇದ್ದವು. ಆಗ ಅಮೆರಿಕದ ಸಂಸತ್ತಿನ ಕೆಳಮನೆಯ ಸದಸ್ಯರಾಗಿದ್ದ ಆ್ಯಡಂ ಶಿಫ್ ಮತ್ತು ಎರಿಕ್ ಸ್ವಾಲ್‌ವೆಲ್ ಅವರ ಖಾತೆಗಳೂ ಅದರೊಳಗೆ ಸೇರಿವೆ ಎಂಬುದು ಆ ಕಂಪನಿಗೆ ತಿಳಿಯುವ ದಾರಿ ಇರಲಿಲ್ಲ. ಅವರಿಗೆ ಸುದ್ದಿ ಮುಟ್ಟಿದ್ದು 2021ರಲ್ಲಿ, ಗ್ಯಾಗ್ ಆದೇಶದ ಅವಧಿ ಮುಗಿದ ಮೇಲೆ. ಆ ಪ್ರಕರಣವನ್ನು ಓದಿದ ದಿನವೇ ನನಗೆ ಇದರ ಹುಚ್ಚು ಹಿಡಿದದ್ದು.

ಮೊದಲ ಪ್ರಯತ್ನ ಹೆಸರಿನ ಹೋಲಿಕೆ. ಗ್ರಾಹಕರ ಹೆಸರನ್ನು ನೂರು ಸೆನೆಟರ್‌ಗಳ ಹೆಸರಿನೊಂದಿಗೆ ತಾಳೆ ನೋಡಿದೆ. ಜಾನ್ ಕೆನಡಿ ಎಂಬ ಹೆಸರಿನವರು ನಮ್ಮಲ್ಲೇ ಹದಿನೈದಿಪ್ಪತ್ತು ಜನ ಸಿಕ್ಕರು. ಲೂಸಿಯಾನಾದ ಸೆನೆಟರ್ ಅವರಲ್ಲಿ ಒಬ್ಬರೂ ಅಲ್ಲ. ಸ್ಕಾಟ್ ಎಂಬ ಮನೆತನದ ಹೆಸರಂತೂ ಕೇಳಬೇಡಿ, ಸೆನೆಟ್‌ನಲ್ಲಿಯೇ ಇಬ್ಬರಿದ್ದಾರೆ. ಒಂದೂವರೆ ತಿಂಗಳು ವ್ಯರ್ಥವಾಯಿತು.

ಎರಡನೆಯ ಪ್ರಯತ್ನ ಹೆಸರಿನ ಬದಲು ಸೆನೆಟರ್‌ಗಳ ಫೋನ್ ಸಂಖ್ಯೆಗಳ ಪಟ್ಟಿಯೊಂದಿಗೇ ತಾಳೆ ನೋಡುವುದು. ಅದಕ್ಕೆ ಹೊರಗಿನ ಕಂಪನಿಯೊಂದರಿಂದ ದರಪಟ್ಟಿ ತರಿಸಿದೆವು. ನಲವತ್ತು ಸಾವಿರ ಡಾಲರ್ ಆಸುಪಾಸಿನಲ್ಲಿತ್ತು, ವರ್ಷದ ನಿರ್ವಹಣೆ ಬೇರೆ. ಮುಂಗಡ ಆರು ಸಾವಿರ ಕೊಟ್ಟು ಕೈಸುಟ್ಟುಕೊಂಡೆವು. ಅವರು ಸಂಖ್ಯೆಗಳ ಪಟ್ಟಿಯನ್ನು ಹಾಗೆಯೇ, ಬಿಚ್ಚಿಟ್ಟ ಪುಸ್ತಕದಂತೆ, ತಮ್ಮ ಸರ್ವರ್‌ನಲ್ಲಿ ಇಟ್ಟುಕೊಳ್ಳುತ್ತೇವೆ ಎಂದರು. ಸೆನೆಟರ್‌ಗಳ ಫೋನ್ ಪಟ್ಟಿಗಿಂತ ಕಳ್ಳರಿಗೆ ಬೇಕಾದ ವಸ್ತು ಇನ್ನೇನಿದೆ? ಸಾಲ್ಟ್ ಟೈಫೂನ್ ಎಂಬ ಚೀನಾದ ಹ್ಯಾಕರ್ ಗುಂಪಿನ ದಾಳಿಯಲ್ಲಿ ದೊಡ್ಡ ಫೋನ್ ಜಾಲಗಳೊಳಗೇ ಜನ ನುಗ್ಗಿದ್ದು 2024ರಲ್ಲಿ ಬಯಲಾಗಿತ್ತು. ಒಪ್ಪಂದವನ್ನು ಅಲ್ಲಿಗೇ ನಿಲ್ಲಿಸಿದೆ. ಮುಂಗಡ ವಾಪಸ್ ಬರಲಿಲ್ಲ.

ಹಾಗಾದರೆ ಹ್ಯಾಷ್ ಮಾಡಿ, ಅಂದರೆ ಸಂಖ್ಯೆಯನ್ನು ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಸಂಕೇತವಾಗಿ ಬದಲಿಸಿ ಇಡೋಣ ಎಂದರು ಕಿರಿಯ ಸಹೋದ್ಯೋಗಿ. ಆದರೆ ಹತ್ತು ಅಂಕಿಗಳ ಸಂಖ್ಯೆಗೆ ಬರೀ ಹ್ಯಾಷ್ ಸಾಲದು. ಇರುವ ಸಾಧ್ಯತೆಗಳೇ ಸಾವಿರ ಕೋಟಿ, ಎಲ್ಲವನ್ನೂ ಒಂದೊಂದಾಗಿ ಹ್ಯಾಷ್ ಮಾಡಿ ಹೋಲಿಸಿಬಿಡಬಹುದು. ನನ್ನ ಮನೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಸಂಜೆ ಪ್ರಯೋಗ ಮಾಡಿದೆ. ಕಾಫಿ ಮುಗಿಯುವುದರೊಳಗೆ ಪಟ್ಟಿ ಪೂರ್ತಿ ಬಿಚ್ಚಿಕೊಂಡಿತು. ಆಮೇಲೆ ಗುಪ್ತ ಕೀಲಿ ಸೇರಿಸಿದ ಹ್ಯಾಷ್‌ಗೆ ಬಂದೆ. ಕೀಲಿ ಇಡಲು ಪ್ರತ್ಯೇಕ ಭದ್ರತಾ ಯಂತ್ರ ಬಾಡಿಗೆಗೆ ತೆಗೆದುಕೊಂಡರೆ ತಿಂಗಳಿಗೆ ಒಂದು ಸಾವಿರ ಡಾಲರ್ ಮೀರುತ್ತಿತ್ತು, ಅದೂ ಎರಡು ಬೇಕು. ಕ್ಲೌಡ್‌ನ ಕೀಲಿ ನಿರ್ವಹಣಾ ಸೇವೆಯಲ್ಲಿ ಅದೇ ಕೆಲಸ ಕೀಲಿಯೊಂದಕ್ಕೆ ತಿಂಗಳಿಗೆ ಒಂದು ಡಾಲರ್‌ಗೆ ಆಗುತ್ತದೆ. ಈ ಲೆಕ್ಕವನ್ನು ಕಂಡುಹಿಡಿದವನು ನಾನು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

ಈಗ ಬೇಡಿಕೆ ನಮ್ಮ ಅಂಚೆಪೆಟ್ಟಿಗೆಗೆ ಬಿದ್ದೊಡನೆ, ಯಾರೂ ತೆರೆಯುವ ಮೊದಲೇ, ಅದರೊಳಗಿನ ಸಂಖ್ಯೆಗಳು ತಾಳೆಯಾಗುತ್ತವೆ. ಹೊಂದಿಕೆಯಾದರೆ ಕಡತ ತಾನಾಗಿಯೇ ನಿಲ್ಲುತ್ತದೆ, ವಕೀಲರಿಗೆ ಕರೆ ಹೋಗುತ್ತದೆ. ನೋಟಿಸನ್ನು ಯಂತ್ರ ಕಳುಹಿಸುವುದಿಲ್ಲ, ಮನುಷ್ಯರೇ ಸಹಿ ಮಾಡಿ ಕಳುಹಿಸುತ್ತಾರೆ. ಮೊದಲಿಗೆ ಇದು ಜೀವಾಪಾಯದ ತುರ್ತು ಬೇಡಿಕೆಗಳನ್ನೂ ತಡೆದು ನಿಲ್ಲಿಸಿತು. ಕಾಣೆಯಾದವರೊಬ್ಬರ ಸ್ಥಳದ ಮಾಹಿತಿ ನಲವತ್ತು ನಿಮಿಷ ತಡವಾಯಿತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮರುದಿನವೇ ತುರ್ತು ಬೇಡಿಕೆಗಳ ದಾರಿಯನ್ನು ಪ್ರತ್ಯೇಕಿಸಿದೆ.

ಬೇರೆ ಕಂಪನಿಯಿಂದ ಬಂದ ಸಂಖ್ಯೆ, ಬಿಟ್ಟುಹೋದ ಸಿಬ್ಬಂದಿಯಿಂದ ಮತ್ತೊಬ್ಬರಿಗೆ ದಾಟಿದ ಸಂಖ್ಯೆ, ಸಂಗಾತಿಯ ಹೆಸರಿನ ಖಾತೆಯಲ್ಲಿರುವ ಸಂಖ್ಯೆ: ಇವನ್ನು ಹಿಡಿಯುವ ಎರಡು ಉಪಾಯಗಳಿವೆ. ಅವನ್ನು ಇಲ್ಲಿ ಬರೆದರೆ ತಪ್ಪಿಸಿಕೊಳ್ಳುವ ದಾರಿಯನ್ನೂ ಬರೆದಂತೆ, ಆದ್ದರಿಂದ ಬಿಡುತ್ತೇನೆ. ವಕೀಲರು ನನಗೆ ತಿಳಿಸದೆ ಇಪ್ಪತ್ತು ನಕಲಿ ಬೇಡಿಕೆಗಳನ್ನು ಸೇರಿಸಿ, ಅವುಗಳಲ್ಲಿ ಮೂರರಲ್ಲಿ ಇಂಥ ಸಂಖ್ಯೆಗಳನ್ನು ಅಡಗಿಸಿದ್ದರು. ಮೂರೂ ಸಿಕ್ಕವು. ಅವರು ಎದ್ದು ಬಂದು ಕೈಕುಲುಕಿದರು. ನಿಜವಾದ ಬೇಡಿಕೆ ಬಂದಿತೇ ಎಂಬುದನ್ನು ನಾನು ಹೇಳುವಂತಿಲ್ಲ.

2025ರ ನವೆಂಬರ್‌ನಲ್ಲಿ ಕಾನೂನು ಇನ್ನಷ್ಟು ಬಿಗಿಯಾಯಿತು. ಟ್ರಂಪ್ ವಿರುದ್ಧದ ಪ್ರಕರಣಗಳ ವಿಶೇಷ ವಕೀಲರಾಗಿದ್ದ ಜ್ಯಾಕ್ ಸ್ಮಿತ್ ಅವರ ತನಿಖೆಯಲ್ಲಿ ಹಲವು ಸೆನೆಟರ್‌ಗಳ ಕರೆ ದಾಖಲೆಗಳನ್ನು ಪಡೆದದ್ದು ಹೊರಬಿದ್ದ ಮೇಲೆ, ತಿಳಿಸದೆ ದತ್ತಾಂಶ ಪಡೆದರೆ ಸೆನೆಟರ್ ಸರ್ಕಾರದ ವಿರುದ್ಧ ಐದು ಲಕ್ಷ ಡಾಲರ್‌ಗೆ ದಾವೆ ಹೂಡಬಹುದೆಂಬ ಅಂಶವನ್ನು ಸೇರಿಸಿದರು. ಒಂದು ವಾರದಲ್ಲೇ ಕೆಳಮನೆ 426-0 ಮತಗಳಿಂದ ಅದರ ರದ್ದತಿಗೆ ಒಪ್ಪಿತು. ನೋಟಿಸ್ ಬೇಕು, ಹಣದ ಆಸೆ ಬೇಡ ಎಂಬುದು ನನ್ನ ನಿಲುವು. ಜನರ ತೆರಿಗೆಯಿಂದ ತಮಗೆ ತಾವೇ ಪರಿಹಾರ ಬರೆದುಕೊಂಡರೆ ಒಳ್ಳೆಯ ನಿಯಮಕ್ಕೂ ಕೆಟ್ಟ ಹೆಸರು ಬರುತ್ತದೆ.

ಬೆಂಗಳೂರಿನ ಗೆಳೆಯರು ನಮ್ಮಲ್ಲೂ ಇದು ಸಾಧ್ಯವೇ ಎಂದು ಕೇಳುತ್ತಾರೆ. ದೂರವಾಣಿ ಕದ್ದಾಲಿಕೆಯ ಆರೋಪಕ್ಕೆ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನವನ್ನೇ ಬಿಟ್ಟ ನಾಡು ನಮ್ಮದು. ಸಂಸದರನ್ನು ಬಂಧಿಸಿದರೆ ಲೋಕಸಭೆಯ ಸ್ಪೀಕರ್‌ಗೆ ಕೂಡಲೇ ತಿಳಿಸಬೇಕೆಂಬ ನಿಯಮ ಭಾರತದಲ್ಲಿದೆ. ಆದರೆ ಅವರ ಕರೆಗಳನ್ನು ಆಲಿಸಿದಾಗ ಪರಿಶೀಲನಾ ಸಮಿತಿ ಬಾಗಿಲು ಮುಚ್ಚಿ ಕಡತ ನೋಡುತ್ತದೆ. ಗುರಿಯಾದವರಿಗೆ ಸುದ್ದಿ ಹೋಗುವುದಿಲ್ಲ. ಅಲ್ಲಿ ಮೊದಲು ನಿಯಮ ಬರಬೇಕು. ಯಂತ್ರ ಕಟ್ಟಲು ನಾನು ಸಿದ್ಧ.

ಸದ್ಯ ವರ್ಜೀನಿಯಾ ವಿಧಾನಮಂಡಲದ ಸದಸ್ಯರಿಗೂ ಸ್ವಂತ ಸಂಖ್ಯೆ ನೋಂದಾಯಿಸುವ ಅವಕಾಶ ಕೊಟ್ಟು ಪರೀಕ್ಷಿಸುತ್ತಿದ್ದೇನೆ. ಅವರಿಗೆ ಸೆನೆಟ್‌ನ ಕಾನೂನು ಅನ್ವಯಿಸದು, ಗ್ಯಾಗ್ ಆದೇಶವಿದ್ದರೆ ನಾವು ಸುಮ್ಮನಿರಲೇಬೇಕು. ಆದೇಶವಿಲ್ಲದ ಸಬ್‌ಪೀನಾಗಳಿಗಾದರೂ ನೋಟಿಸ್ ಹೋಗುತ್ತದೆ. ಈವರೆಗೆ ಹನ್ನೆರಡೋ ಹದಿಮೂರೋ ಮಂದಿ ಹೆಸರು ಕೊಟ್ಟಿದ್ದಾರೆ.