ಮೊದಲು ದೂರಿನ ಪುಸ್ತಕ, ಆಮೇಲೆ ಪಾರ್ಟ್ಸ್: ದಿನಬಳಕೆಯ ಕಾರಿಗೆ ನಾನು ದುಡ್ಡು ಹಾಕಿದ ರೀತಿ

‘ಒಂದು ತಿಂಗಳು ಕಾರಿಗೆ ಏನೂ ಕೊಳ್ಳುವುದಿಲ್ಲ, ಅದರ ದೂರು ಬರೀ ಬರೆದಿಡುತ್ತೇನೆ’ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ‘ಬರೆದರೆ ಕಾರು ಓಡುತ್ತಾ ಮಾರಾಯಾ? ಒಂದು ಸೆಟ್ ಅಲಾಯ್ ವೀಲ್ ಹಾಕ್ಸು, ಎಲ್ಲ ಸರಿ ಹೋಗುತ್ತೆ’ ಅಂತ ಒಬ್ಬ. ಅಲಾಯ್ ನಾನು ಅದಕ್ಕೂ ಮುಂಚೆಯೇ ಹಾಕಿಸಿ ಕೈ ಸುಟ್ಟುಕೊಂಡಿದ್ದೆ. ಆ ಕತೆ ಮುಂದೆ ಹೇಳುತ್ತೇನೆ. ಈಗ ಎರಡು ವರ್ಷ ಕಳೆದಿದೆ. ಅವತ್ತು ಮಾತಾಡಿದವನೇ ಹೋದ ತಿಂಗಳು ನನ್ನ ಕಾರು ಓಡಿಸಿ, ಇಳಿದವನು ಬಾನೆಟ್ ಎತ್ತಿ ಎಂಜಿನ್‌ಗೆ ಏನು ಮಾಡಿಸಿದ್ದೀಯ ಅಂತ ಕೇಳಿದ. ಎಂಜಿನ್ ಮುಟ್ಟೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾರು ಒಂಬತ್ತು ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕ್. 1.2 ಲೀಟರ್ ಪೆಟ್ರೋಲ್ ಎಂಜಿನ್, 14 ಇಂಚಿನ ಉಕ್ಕಿನ ಚಕ್ರ. ದಿನಾ ಕೆಲಸಕ್ಕೆ ಹೋಗಿಬರುವ ಗಾಡಿ, ರೇಸಿಗಲ್ಲ. ದುಡ್ಡಿನ ಲೆಕ್ಕವನ್ನು ನಾನು ಟೈರಿನಲ್ಲಿ ಅಳೆಯುತ್ತೇನೆ, ಒಂದು ಒಳ್ಳೆಯ ಟೈರಿನ ಬೆಲೆ ಅಂದರೆ ಒಂದು. ನೀವೂ ಹಾಗೆ ಅಳೆದು ನೋಡಿ, ಅಂಗಡಿಯಲ್ಲಿ ಕೈ ತಾನಾಗಿ ಹಿಂದೆ ಸರಿಯುತ್ತದೆ.

ಮೊದಲ ವರ್ಷದ ನಷ್ಟ ಹೇಳಿಬಿಡುತ್ತೇನೆ. 16 ಇಂಚಿನ ಅಲಾಯ್, ಅದಕ್ಕೆ ಅಗಲದ ಟೈರು, ಎಲ್ಲ ಸೇರಿ ಹದಿಮೂರು ಟೈರಿನ ದುಡ್ಡು. ನಿಂತಾಗ ಚೆನ್ನಾಗಿ ಕಾಣುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಚಕ್ರದ ಮೇಲಿನ ವೀಲ್ ಆರ್ಚ್‌ಗೆ ಉಜ್ಜುತ್ತಿತ್ತು, ಮೈಲೇಜ್ ಲೀಟರ್‌ಗೆ ಒಂದೂವರೆ ಕಿಲೋಮೀಟರ್ ಇಳಿಯಿತು, ಏಳನೇ ತಿಂಗಳಿಗೆ ಒಂದು ಗುಂಡಿಗೆ ಬಿದ್ದು ರಿಮ್ ಸೊಟ್ಟ ಆಯಿತು. ಮಾರಿದಾಗ ಬಂದದ್ದು ಆರು. ಏಳು ಟೈರು ಗಾಳಿಗೆ. ಜೊತೆಗೆ ಡಬ್ಬಿ ಇಲ್ಲದ ಓಪನ್ ಏರ್ ಫಿಲ್ಟರ್ ಮುಕ್ಕಾಲು ಟೈರು. ಅದು ಕೊಟ್ಟದ್ದು ಶಬ್ದ ಮಾತ್ರ. ಕಂಪನಿಯ ಡಬ್ಬಿ ಹೊರಗಿನ ತಣ್ಣನೆ ಗಾಳಿ ಎಳೆಯುತ್ತದೆ, ಇದು ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತದೆ, ಟ್ರಾಫಿಕ್‌ನಲ್ಲಿ ಕಾರು ಇನ್ನೂ ಮಂಕಾಯಿತು. ಆಮೇಲೆ 100/90 ವ್ಯಾಟ್‌ನ (ಬ್ರೈಟ್‌ಗೆ 100, ಡಿಮ್‌ಗೆ 90) ಹೆಡ್‌ಲೈಟ್ ಬಲ್ಬು. ಎರಡೇ ತಿಂಗಳಿಗೆ ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಂಡಿತ್ತು. ಎಲ್ಲ ಸೇರಿ ಸುಮಾರು ಎಂಟೂವರೆ ಟೈರು ಹೋಯಿತು.

ಆಗ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಒಂದು ಸಣ್ಣ ಪುಸ್ತಕ ಇಟ್ಟೆ. ದೂರಿನ ಪುಸ್ತಕ. ಪ್ರತಿ ಸಲ ಗಾಡಿ ನಿಲ್ಲಿಸಿದ ಮೇಲೆ, ಅವತ್ತು ಕಾರು ನನಗೆ ಎಲ್ಲಿ ಕಿರಿಕಿರಿ ಮಾಡಿತು ಅಂತ ಒಂದು ಸಾಲು. ಅದೇ ದೂರು ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು. ತಿಂಗಳ ಕೊನೆಗೆ ಎಣಿಸಿದೆ. ‘ರಾತ್ರಿ ರಸ್ತೆ ಕಾಣಲ್ಲ’ ಹದಿನೆಂಟು. ‘ಹಂಪ್‌ನಲ್ಲಿ ಮುಂದೆ ಕಟ ಕಟ’ ಹದಿನೈದೋ ಹದಿನಾರೋ. ‘80ರ ಮೇಲೆ ಗದ್ದಲ, ಫೋನಿನಲ್ಲಿ ಮಾತಾಡಿದ್ದು ಕೇಳಲ್ಲ’ ಹನ್ನೆರಡು. ‘ಮಳೆಯಲ್ಲಿ ಬ್ರೇಕ್ ಹಾಕಿದರೆ ಜಾರಿದ ಹಾಗೆ’ ಆರು. ‘ಪಿಕಪ್ ಸಾಲದು’ ಬರೀ ಎರಡು! ಒಂದು ವರ್ಷ ಪಿಕಪ್ ಬಗ್ಗೆಯೇ ಓದಿ, ಪಿಕಪ್‌ಗೂ ದುಡ್ಡು ಹಾಕಿದ್ದೆ ನಾನು. ಪುಸ್ತಕ ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಇನ್ನೊಂದು ಕಟ್ಟುನಿಟ್ಟು ಮಾಡಿಕೊಂಡೆ. ಅಳತೆ ಮಾಡದೆ, ಇಲ್ಲವೇ ಪುಕ್ಕಟೆಯಾಗಿ ಪರೀಕ್ಷೆ ಮಾಡದೆ ಏನೂ ಕೊಳ್ಳುವಂತಿಲ್ಲ.

ಲೈಟಿನಿಂದ ಶುರು ಮಾಡಿದೆ. ಎಂಜಿನ್ ಆನ್, ಡಿಮ್ ಆನ್, ಬ್ಯಾಟರಿ ಮೇಲೆ ಮಲ್ಟಿಮೀಟರ್ 14.1 ವೋಲ್ಟ್ ತೋರಿಸಿತು. ಬಲ್ಬಿನ ಕನೆಕ್ಟರ್ ಹಿಂದೆ, ಉರಿಯುತ್ತಿರುವಾಗಲೇ, ಸೂಜಿಯಂಥ ಪ್ರೋಬ್ ತೂರಿಸಿ ನೋಡಿದರೆ 12.3. ಹತ್ತಿರ ಎರಡು ವೋಲ್ಟ್ ದಾರಿಯಲ್ಲೇ ಮಾಯ. ಈ ಕಾರಿನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಒಳಗೆ ಹೋಗಿ ಬರುತ್ತದೆ, ತಂತಿ ಸಣ್ಣದು, ಕನೆಕ್ಟರ್ ಹಳೆಯದು. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಇಳಿಯುತ್ತದೆ, ವೋಲ್ಟೇಜ್ ನೂರಕ್ಕೆ ಹತ್ತು ಕಮ್ಮಿಯಾದರೆ ಬೆಳಕು ನೂರಕ್ಕೆ ಮೂವತ್ತರ ಹತ್ತಿರ ಕಮ್ಮಿಯಾಗುತ್ತದೆ. ಇದು ಗೊತ್ತಾದ ಮೇಲೆ ದೊಡ್ಡ ಬಲ್ಬಿನ ಆಸೆ ಬಿಟ್ಟೆ. ಅದೇ ಸಣ್ಣ ತಂತಿಯಲ್ಲಿ ಇನ್ನೂ ಜಾಸ್ತಿ ಕರೆಂಟು ಎಳೆದರೆ ಹೋಲ್ಡರ್ ಕರಗದೆ ಏನಾಗುತ್ತದೆ?

ಎರಡು ರಿಲೇ, 2.5 ಚದರ ಮಿಲಿಮೀಟರ್ ತಂತಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಸಾದಾ 60/55 ವ್ಯಾಟ್ ಬಲ್ಬು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್ ಮಾಡುವ ಸ್ವಿಚ್ಚು, ಇದಿದ್ದರೆ ಬಲ್ಬಿನ ಕರೆಂಟು ಸ್ಟೀರಿಂಗ್ ಸ್ವಿಚ್ಚಿಗೆ ಹೋಗದೆ ಬ್ಯಾಟರಿಯಿಂದ ನೇರ ಬರುತ್ತದೆ. ರೆಡಿ ವೈರಿಂಗ್ ಕಿಟ್ ಒಂದು ತಂದಿದ್ದೆ, ತಂತಿಯ ಪ್ಲಾಸ್ಟಿಕ್ ಸುಲಿದು ನೋಡಿದರೆ ಒಳಗೆ ತಾಮ್ರ ಕೂದಲಿನಷ್ಟು, ಹೊರಗೆ ಮಾತ್ರ ದಪ್ಪ. ಹಿಂದಿರುಗಿಸಿ ನಾನೇ ಮಾಡಿದೆ. ಅರ್ಥ್, ಅಂದರೆ ಕರೆಂಟು ವಾಪಸ್ ಹೋಗುವ ತಂತಿಯ ವಿಷಯದಲ್ಲಿ ಒಂದು ದಿನ ಹಾಳಾಯಿತು. ಬಣ್ಣ ಕೆರೆಯದೆ ಕಾರಿನ ಬಾಡಿ ತಗಡಿಗೆ ಬಿಗಿದಿದ್ದೆ, ಒಂದು ಲೈಟು ಮಂಕು. ಕೆರೆದು, ಗ್ರೀಸ್ ಹಚ್ಚಿ ಬಿಗಿದ ಮೇಲೆ ಎರಡೂ ಕಡೆ 13.8. ಬೆಳಕು ಲೆಕ್ಕದ ಪ್ರಕಾರ ಒಂದೂವರೆ ಪಟ್ಟಿನ ಹತ್ತಿರ, ಕಣ್ಣಿಗೂ ಹಾಗೇ ಕಂಡಿತು. ಖರ್ಚು ಬಲ್ಬು ಸೇರಿ ಅರ್ಧ ಟೈರು. ವೋಲ್ಟೇಜ್ ಏರಿದ್ದಕ್ಕೆ ಬಲ್ಬು ಬೇಗ ಹೋಗುತ್ತದೆ, ನನಗೆ ಒಂದು ಜೊತೆ ವರ್ಷ ಚಿಲ್ಲರೆ ಬಂತು. ಪರವಾಗಿಲ್ಲ. ತಂತಿಯನ್ನು ಹೊರಗಿನಿಂದ ಕಾಣದ ಹಾಗೆ, ಕಂಪನಿಯ ವೈರಿಂಗ್ ಒಂದೂ ಕತ್ತರಿಸದೆ ಹೇಗೆ ಎಳೆದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಎಲ್‌ಇಡಿ ಯಾಕಲ್ಲ ಅಂತ ಎಲ್ಲರೂ ಕೇಳುತ್ತಾರೆ. ಹಾಕಿ ನೋಡಿದ್ದೇನೆ, ಗೆಳೆಯನದು ಕಡ ತಂದು. ಗೋಡೆಯ ಮೇಲೆ ಅಡ್ಡ ಗೆರೆ ಹಾಕಿ ಹೋಲಿಸಿದರೆ, ಹ್ಯಾಲೊಜನ್‌ನಲ್ಲಿ ಮೇಲಿನ ಅಂಚು ಚಾಕುವಿನಿಂದ ಕೊಯ್ದ ಹಾಗಿತ್ತು, ಎಲ್‌ಇಡಿಯಲ್ಲಿ ಬೆಳಕು ಗೆರೆ ದಾಟಿ ಮೇಲೆಲ್ಲ ಚೆಲ್ಲಿತ್ತು. ಲೈಟಿನ ಒಳಗಿನ ರಿಫ್ಲೆಕ್ಟರ್ ಮಾಡಿರುವುದು ಹ್ಯಾಲೊಜನ್ ಬಲ್ಬಿನ ಉರಿಯುವ ಎಳೆ (ಫಿಲಮೆಂಟ್) ಇರುವ ಜಾಗಕ್ಕೆ, ಎಲ್‌ಇಡಿಯ ಚಿಪ್ ಇರುವ ಜಾಗಕ್ಕಲ್ಲ. ಎದುರಿನವನ ಕಣ್ಣು ಕುಕ್ಕಿ ನಾನು ಚೆನ್ನಾಗಿ ನೋಡುವುದು ನನಗೆ ಬೇಡ.

ಕಟ ಕಟ ಶಬ್ದಕ್ಕೆ ಪೂರ್ತಿ ಸಸ್ಪೆನ್ಷನ್ ಕಿಟ್ ಹಾಕಿಸಿ ಅಂದರು ಒಂದು ಗ್ಯಾರೇಜಿನವರು, ಎಂಟು ಟೈರಿನ ಅಂದಾಜು. ನಾನು ಜ್ಯಾಕ್ ಹಾಕಿ ಸಸ್ಪೆನ್ಷನ್ನಿನ ಸಣ್ಣ ಸರಳು, ಲಿಂಕ್ ರಾಡ್, ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ, ಅದರ ತುದಿಯ ಕೀಲು (ಬಾಲ್ ಜಾಯಿಂಟ್) ಸಡಿಲಾಗಿ ಕೈಯಲ್ಲೇ ಕಟಕ್ ಅಂತು. ಎರಡು ಲಿಂಕ್ ರಾಡ್, ಲೋಯರ್ ಆರ್ಮ್ ಬುಶ್ (ಚಕ್ರ ಹಿಡಿಯುವ ತೋಳಿನ ಕೀಲಿನ ರಬ್ಬರ್), ಮುಂದಿನ ಎರಡು ಶಾಕ್ ಅಬ್ಸಾರ್ಬರ್, ಎರಡೂವರೆ ಟೈರಿನಲ್ಲಿ ಮುಗಿಯಿತು. ಇದು ಅಪ್‌ಗ್ರೇಡ್ ಅಲ್ಲ, ರಿಪೇರಿ ಅಂತ ಗೆಳೆಯರು ನಕ್ಕರು. ನಾನು ಒಪ್ಪುವುದಿಲ್ಲ. ಸವೆದ ಬುಶ್ ಮೇಲೆ ಏನು ಹಾಕಿದರೂ ಅದರ ಗುಣ ಗೊತ್ತಾಗುವುದಿಲ್ಲ. ಒಂದು ತಪ್ಪು ಮಾತ್ರ ಆಯಿತು. ಬುಶ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಪೂರ್ತಿ ಬಿಗಿದಿದ್ದೆ. ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡು ನಿಂತಿತು, ನಾಲ್ಕೇ ತಿಂಗಳಿಗೆ ಒಂದು ಹರಿಯಿತು. ಈಗ ಕೊನೆಯ ಬಿಗಿತ ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೇ.

ಟೈರು. ನಾಲ್ಕು ಟೈರಿಗೆ ನಾಲ್ಕು ಟೈರಿನ ದುಡ್ಡು, ಲೆಕ್ಕ ಸರಳ. 175/65 R14 ಕಂಪನಿ ಸೈಜು, ಅಂದರೆ ಅಗಲ 175 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ನೂರಕ್ಕೆ 65, ಚಕ್ರ 14 ಇಂಚು. 185/65 ಹಾಕಿ ಅಂತ ಎಲ್ಲರೂ ಹೇಳಿದರು, ವ್ಯಾಸ ನೂರಕ್ಕೆ ಎರಡರಷ್ಟು ಜಾಸ್ತಿಯಾಗುತ್ತದೆ. 185/60 ಹಾಕಿದರೆ ಒಂದಕ್ಕಿಂತ ಕಮ್ಮಿ ವ್ಯತ್ಯಾಸ. ಆದರೂ ನಾನು ಅದೇ 175ರಲ್ಲಿ ಉಳಿದೆ, ದುಡ್ಡನ್ನು ಅಗಲಕ್ಕೆ ಕೊಡದೆ ಒಳ್ಳೆಯ ರಬ್ಬರಿಗೆ ಕೊಟ್ಟೆ. ಮಳೆಯಲ್ಲಿ ಜಾರುವ ದೂರು ಅವತ್ತಿಗೇ ಮುಗಿಯಿತು. ಹಳೆ ಟೈರಿನಲ್ಲಿ ಗಟ್ಟೆ (ಟ್ರೆಡ್) ಇನ್ನೂ ಇತ್ತು, ಆದರೆ ಪಕ್ಕದಲ್ಲಿ ತಯಾರಾದ ವಾರ, ವರ್ಷ ತೋರಿಸುವ ನಾಲ್ಕಂಕಿಯ ಕೋಡ್ ನೋಡಿದರೆ ಆರು ವರ್ಷ ಹಳೆಯದು, ಉಗುರು ಒತ್ತಿದರೆ ಇಳಿಯದಷ್ಟು ಗಟ್ಟಿ.

ಅಗಲದ ಟೈರಿನ ಮೈಲೇಜ್ ಕತೆ ನಿಜವಾ ಅಂತ ಒಂದು ಆಟ ಆಡಿದ್ದೆ, ಅಲಾಯ್ ಮಾರುವ ಮುಂಚೆ. ಬೆಳಿಗ್ಗೆ ಖಾಲಿ ಇರುವ ಸಮತಟ್ಟು ರಸ್ತೆ, 85ಕ್ಕೆ ಹೋಗಿ ನ್ಯೂಟ್ರಲ್, 80ರಿಂದ 60ಕ್ಕೆ ಇಳಿಯಲು ಎಷ್ಟು ಸೆಕೆಂಡು ಅಂತ ಪಕ್ಕದಲ್ಲಿ ಕೂತ ತಮ್ಮ ಎಣಿಸಿದ. ಗಾಳಿಯ ಲೆಕ್ಕ ಸರಿಹೋಗಲಿ ಅಂತ ಎರಡೂ ದಿಕ್ಕಿಗೆ ಮೂರು ಮೂರು ಸಲ. 16 ಇಂಚಿನಲ್ಲಿ ಹದಿನಾಲ್ಕು ಚಿಲ್ಲರೆ, ಕಂಪನಿ ಚಕ್ರದಲ್ಲಿ ಹದಿನಾರೂವರೆ. ಬೇಗ ಇಳಿಯಿತು ಅಂದರೆ ಗಾಡಿಯನ್ನು ಹಿಡಿದು ಎಳೆಯುವುದು ಜಾಸ್ತಿ, ಪೆಟ್ರೋಲೂ ಜಾಸ್ತಿ. ಇದಾದ ಮೇಲೆ ಅಲಾಯ್ ಮಾರಲು ಮನಸ್ಸು ಗಟ್ಟಿಯಾಯಿತು.

ಬ್ರೇಕ್ ಕತೆ ಸಣ್ಣದು. ಮುಂದಿನ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಮುಕ್ಕಾಲು ಟೈರು. ಹಳೆ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು, ನೀರು ಹೀರಿಕೊಂಡ ಮೇಲೆ ಅದು 155ರವರೆಗೆ ಇಳಿಯಬಹುದು, ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುತ್ತಿದ್ದದ್ದು ಅದಕ್ಕೇ. ಹೊಸ ಪ್ಯಾಡ್ ಹಾಕಿದ ದಿನವೇ ಜೋರಾಗಿ ಒತ್ತಿ ಬೈಯಬೇಡಿ, 60ರಿಂದ 10ರವರೆಗೆ ಮೆಲ್ಲಗೆ ಹತ್ತು ಸಲ ಇಳಿಸಿ ಕೂರಿಸಿ.

ಗದ್ದಲಕ್ಕೆ ಮೊದಲು ಪುಕ್ಕಟೆ ಪರೀಕ್ಷೆ. ಮನೆಯ ಕಂಬಳಿಗಳನ್ನೆಲ್ಲ ತಂದು ಡಿಕ್ಕಿಯಲ್ಲಿ, ಸ್ಟೆಪ್ನಿ ಸುತ್ತ ತುಂಬಿದೆ. ಅಮ್ಮ ಬೈದರು. ಗದ್ದಲ ಹೆಚ್ಚೇನೂ ಇಳಿಯಲಿಲ್ಲ. ಮಾರನೇ ದಿನ ಅದೇ ಕಂಬಳಿ ಮುಂದಿನ ಕಾಲಿಡುವ ಜಾಗದಲ್ಲಿ, ಪೆಡಲ್ ಬಿಟ್ಟು, ಪ್ಯಾಸೆಂಜರ್ ಕಡೆ ಮಾತ್ರ. ಆ ಕಡೆ ಕೂತವರಿಗೆ ತಕ್ಷಣ ಗೊತ್ತಾಯಿತು. ಹಾಗಾಗಿ ಡಿಕ್ಕಿಗೆ ಒಂದು ಪೈಸೆ ಹಾಕಲಿಲ್ಲ. ತಗಡಿನ ನಡುಕ ತಡೆಯುವ ಅಂಟು ರಬ್ಬರಿನ ಬ್ಯುಟೈಲ್ ಶೀಟು, 2 ಮಿಲಿಮೀಟರಿನದು, ಮುಂದಿನ ನೆಲ ಮತ್ತು ಎರಡು ಬಾಗಿಲಿಗೆ. ಪೂರ್ತಿ ಮುಚ್ಚಬೇಕಾಗಿಲ್ಲ. ಬೆರಳಿನ ಗಂಟಿನಿಂದ ತಗಡು ತಟ್ಟಿ, ಟಣ್ ಅಂದ ಕಡೆ ಅಂಟಿಸಿ, ಡಬ್ ಅಂದರೆ ಬಿಡಿ. ನನಗೆ ಮೂರನೇ ಒಂದು ಭಾಗ ಸಾಕಾಯಿತು. ಡಾಂಬರಿನ ಅಗ್ಗದ ಶೀಟು ಒಂದು ಬಾಗಿಲಿಗೆ ಹಾಕಿ ನೋಡಿದ್ದೆ, ಬಿಸಿಲಿಗೆ ಕರಗಿ ಕಿಟಕಿಯ ಮೋಟಾರಿನ ಮೇಲೆ ಇಳಿಯಿತು, ಕೆರೆದು ತೆಗೆಯಲು ಎರಡು ಭಾನುವಾರ ಹೋದವು.

ಬಾಗಿಲು ಬಿಚ್ಚಿದ್ದೇ ಆಯಿತಲ್ಲ ಅಂತ ಮುಂದಿನ ಸ್ಪೀಕರ್ ಬದಲಿಸಿದೆ. ಡಬ್ಬಿಯ ಮೇಲಿನ 300 ವ್ಯಾಟ್ ನೋಡಬೇಡಿ, ಆರ್‌ಎಂಎಸ್, ಅಂದರೆ ಸತತವಾಗಿ ತಡೆದುಕೊಳ್ಳುವ ವ್ಯಾಟ್ ನೋಡಿ. ಬಾಗಿಲಿನ ಒಳತಗಡಿನ ದೊಡ್ಡ ತೂತುಗಳನ್ನು ಅದೇ ಶೀಟಿನಿಂದ ಮುಚ್ಚಿದ್ದಕ್ಕೆ ಬಂದ ಬೇಸ್ (ತಗ್ಗು ದನಿ), ಆಂಪ್ಲಿಫೈಯರ್ ಇಲ್ಲದೆ ಬಂತು. ಮಳೆ ನೀರು ಇಳಿಯುವ ಕೆಳಗಿನ ಸಂದಿ ಮಾತ್ರ ಮುಚ್ಚಬಾರದು. ಶೀಟು, ಸ್ಪೀಕರ್ ಸೇರಿ ಎರಡು ಟೈರು. ಫೋನಿನ ಆ್ಯಪ್‌ನಲ್ಲಿ 80ರ ವೇಗದಲ್ಲಿ ಮುಂಚೆ 72ರ ಸುಮಾರು ಡೆಸಿಬೆಲ್, ಈಗ 69. ಆ್ಯಪ್ ನಿಖರ ಅಲ್ಲ, ಆದರೆ ಅದೇ ಫೋನು, ಅದೇ ರಸ್ತೆ, ಅದೇ ಜಾಗ. ಡ್ಯಾಶ್‌ಬೋರ್ಡಿನ ಕಿರಿಕಿರಿ ಶಬ್ದ ಹೋಗಿಸಿದ್ದಕ್ಕೆ ಬೇರೆ ಉಪಾಯ ಇದೆ, ಎರಡು ವಾರ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು. ಅದನ್ನು ಬರೆಯುವುದಿಲ್ಲ, ಕಾರು ತಂದರೆ ಮಾಡಿಕೊಡುತ್ತೇನೆ.

ಕೂಡಿಸಿದರೆ ಹತ್ತು ಟೈರಿಗೂ ಸ್ವಲ್ಪ ಕಮ್ಮಿ, ಅಲಾಯ್ ಒಂದಕ್ಕೇ ಕೊಟ್ಟ ಹದಿಮೂರರ ಮುಂದೆ. ಹೊರಗಿನಿಂದ ನೋಡಿದರೆ ಕಾರಿನಲ್ಲಿ ಏನೂ ಬದಲಾಗಿಲ್ಲ.

ಪುಸ್ತಕದಲ್ಲಿ ಈಗ ಮೇಲಿರುವ ದೂರು ಒಂದೇ, ನಿಂತಲ್ಲಿ ಎಂಜಿನ್ ಆನ್ ಇದ್ದಾಗ ಸ್ಟೀರಿಂಗ್‌ಗೆ ಬರುವ ನಡುಕ. ಹನ್ನೊಂದು ಗೀಟು ಆಗಿದೆ. ಎಂಜಿನ್ ಕೂರಿಸುವ ರಬ್ಬರ್, ಎಂಜಿನ್ ಮೌಂಟಿಂಗ್, ಹೋಗಿದೆ ಅಂತ ಅನುಮಾನ. ಬರುವ ಭಾನುವಾರ ಜ್ಯಾಕ್‌ ಮೇಲೆ ಮರದ ತುಂಡಿಟ್ಟು ಎಂಜಿನ್ ಸ್ವಲ್ಪ ಎತ್ತಿ ನೋಡುತ್ತೇನೆ, ನಡುಕ ಹೋದರೆ ಆಮೇಲೆ ಪಾರ್ಟ್ ತರುತ್ತೇನೆ.